ಐದು ಸೋಮವಾರಗಳು

ಬಾಗಿಲಿಗೆ ಚಿಲಕ ಹಾಕಿದ ಮೇಲೂ ಒಂದು ಸಲ ಜಗ್ಗಿ ನೋಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವಳು ಮೂರು ಸಲ ಜಗ್ಗುವ ಪೈಕಿ. ಆರು ವರ್ಷದವಳಿದ್ದಾಗಲೇ ಮುಂಬಾಗಿಲು, ಹಿಂಬಾಗಿಲು ಮುಗಿಸಿ, ಅಮ್ಮನ ಬೀರುವಿನ ಬಾಗಿಲನ್ನೂ ಜಗ್ಗಿಯೇ ಹಾಸಿಗೆಗೆ ಬರುತ್ತಿದ್ದಳಂತೆ. ನೋಡಿ ನೋಡಿ ಅಪ್ಪ ಅವಳಿಗೆ ಚಿಲಕಮ್ಮ ಎಂದು ಹೆಸರಿಟ್ಟುಬಿಟ್ಟ. ಶಾಲೆಯ ದಾಖಲೆಯಲ್ಲಿ ಅವಳಿಗೊಂದು ಚೆಂದದ ಹೆಸರಿದೆ, ನಿಜ. ಆದರೆ ಆ ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ.

ಮುಂದೆ ಅವಳಿಗೆ ಸಿಕ್ಕ ಕೆಲಸವೂ ಒಂದು ಲೆಕ್ಕಕ್ಕೆ ಚಿಲಕ ಹಾಕುವುದೇ. ಕಿವಿ ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವಳು. ಪೂರ್ತಿ ಕಿವುಡಾದವರ ತಲೆಯೊಳಗೆ ಅಲ್ಲಿ ಒಂದು ಸಣ್ಣ ಯಂತ್ರ ಕೂರಿಸುತ್ತಾರೆ. ಹೊರಗಡೆ ಕಿವಿಗೆ ಸಿಕ್ಕಿಸಿಕೊಳ್ಳಲು ಇನ್ನೊಂದು ಯಂತ್ರ ಕೊಡುತ್ತಾರೆ. ಹೊರಗಿನದು ಸದ್ದನ್ನು ಹಿಡಿದು ಒಳಗಿನದಕ್ಕೆ ದಾಟಿಸುತ್ತದೆ. ಯಾವ ಸದ್ದು ಎಷ್ಟು ಜೋರಾಗಿ ದಾಟಬೇಕು ಎನ್ನುವುದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ. ಅದನ್ನು ಆ ಮನುಷ್ಯನನ್ನೇ ಎದುರಿಗೆ ಕೂರಿಸಿಕೊಂಡು, ಇದು ಕೇಳಿಸಿತೇ, ಇದು ಜಾಸ್ತಿಯಾಯಿತೇ ಎಂದು ಒಂದೊಂದೇ ಸದ್ದಿಗೆ ಕೇಳಿ ಕೇಳಿ ಹೊಂದಿಸಬೇಕು. ಹೀಗೆ ಹೊಂದಿಸುವವಳನ್ನು ಅಲ್ಲಿಗೆ ಬರುವ ಮಕ್ಕಳು ಟ್ಯೂನಿಂಗ್ ಅಕ್ಕ ಎನ್ನುತ್ತಿದ್ದವು. ದೊಡ್ಡವರೂ ಹಾಗೆಯೇ ಕರೆಯುತ್ತಿದ್ದರು. ಅಕ್ಕ ಹೊಂದಿಸಿಟ್ಟ ಸಾವಿರಕ್ಕೂ ಹೆಚ್ಚು ಜನರ ಟ್ಯೂನಿಂಗ್ ಚಿಲಕಮ್ಮನ ಕಂಪ್ಯೂಟರ್‌ನಲ್ಲಿತ್ತು. ಯಾರದಾದರೂ ಹೊರಗಿನ ಯಂತ್ರ ಕೆಟ್ಟರೆ, ಕಳೆದರೆ, ಹೊಸದಕ್ಕೆ ಆ ಟ್ಯೂನಿಂಗ್ ತುಂಬಿಸಿ ಕೊಟ್ಟರಾಯಿತು. ಟ್ಯೂನಿಂಗ್ ಇಲ್ಲದ ಯಂತ್ರ ಬರೀ ಪ್ಲಾಸ್ಟಿಕ್ ಚೂರು.

ಹಾಗಾಗಿ ಚಿಲಕಮ್ಮನಿಗೆ ಕಳ್ಳರ ಭಯ ಇತರರಿಗಿಂತ ಒಂದು ಕೈ ಹೆಚ್ಚು. ಈಗಿನ ಕಳ್ಳರು ಏನನ್ನೂ ಹೊತ್ತುಕೊಂಡು ಹೋಗುವುದಿಲ್ಲ. ಇಮೇಲ್‌ನಲ್ಲಿ ಬಂದ ಒಂದು ಪತ್ರದ ಬಾಲ ಹಿಡಿದು ಕಂಪ್ಯೂಟರ್‌ನೊಳಗೆ ನುಸುಳಿ, ಇದ್ದಬದ್ದ ಕಡತಗಳನ್ನೆಲ್ಲ ಬಿಚ್ಚಲಾಗದ ಗಂಟು ಹಾಕಿ, ಹಣ ಕೊಟ್ಟರೆ ಬಿಚ್ಚುತ್ತೇವೆ ಎನ್ನುತ್ತಾರೆ. ಇದಕ್ಕೆ ರಾನ್ಸಮ್‌ವೇರ್ ಎಂದು ಹೆಸರು. ಇಂಥವರಿಗೆ ಅವಳು ಕಂಡುಕೊಂಡ ಮದ್ದು ತೀರಾ ಸರಳ. ಎರಡು ಡಿಸ್ಕ್, ಒಂದಕ್ಕೆ ಕೆಂಪು ಪಟ್ಟಿ, ಒಂದಕ್ಕೆ ನೀಲಿ. ಒಂದು ಕಂಪ್ಯೂಟರ್‌ಗೆ ಅಂಟಿಕೊಂಡಿದ್ದು ದಿನವೂ ಎಲ್ಲವನ್ನೂ ನಕಲು ಮಾಡಿಕೊಳ್ಳುತ್ತದೆ. ಇನ್ನೊಂದು ಅಂಗಳದಾಚೆಯ ಹಳೇ ದಾಖಲೆ ಕೋಣೆಯ ಕಬ್ಬಿಣದ ಬೀರುವಿನಲ್ಲಿ ತೆಪ್ಪಗೆ ಮಲಗಿರುತ್ತದೆ. ಸೋಮವಾರ ಮಧ್ಯಾಹ್ನ ಮೂರಕ್ಕೆ ಅದಲುಬದಲು. ತಂತಿಯೇ ತಾಗದ ಡಿಸ್ಕಿನೊಳಗೆ ಯಾವ ಕಳ್ಳನೂ ಕಾಲಿಡಲಾರ. ಬದಲಾಯಿಸಿದ ಮೇಲೆ ಬೀರುವಿನ ಬಾಗಿಲಿಗೆ ನೇತುಹಾಕಿದ ರಿಜಿಸ್ಟರಿನಲ್ಲಿ ತಾರೀಖು ಬರೆದು ಸಹಿ. ಬೀಗದ ಕೈ ಅವಳ ಕೊರಳಲ್ಲಿ, ಇನ್ನೊಂದನ್ನು ಮಾಡಿಸಿರಲಿಲ್ಲ. ಬೇರೆಯವರಿಗೆ ಕೊಡಬಾರದೇ ಎಂದು ಯಾರೋ ಕೇಳಿದ್ದಕ್ಕೆ, ಕೊಟ್ಟ ಮೇಲೆ ಅದಕ್ಕೆ ಬೀಗ ಅಂತ ಯಾಕೆ ಅನ್ನಬೇಕು ಎಂದು ಮೂತಿ ತಿರುವಿದ್ದಳು.

ಪತ್ರಗಳ ವಿಷಯಕ್ಕೂ ಅವಳು ಒಂದು ನಿಯಮ ಮಾಡಿದ್ದಳು. ಯಾವುದೋ ತರಬೇತಿಯಲ್ಲಿ ಹೇಳಿಕೊಟ್ಟದ್ದನ್ನು ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದಳು: ಗುರುತಿಲ್ಲದವರ ಪತ್ರ ಬಂದರೆ ತೆರೆಯುವ ಮುಂಚೆ ಕಳಿಸಿದವರಿಗೆ ಫೋನ್ ಮಾಡಿ ವಿಚಾರಿಸಿ. ಕೌಂಟರಿನಲ್ಲಿ ಮೂವತ್ತು ವರ್ಷದಿಂದ ಕೂತಿದ್ದ, ಎಲ್ಲರೂ ಮಾವ ಎಂದು ಕರೆಯುವ ಹಿರಿಯ ಗುಮಾಸ್ತರು ಕನ್ನಡಕ ಹಣೆಗೇರಿಸಿಕೊಂಡು ಅದನ್ನು ಎರಡು ಸಲ ಓದಿದರು. "ನಮಗೆ ಪತ್ರ ಬರೆಯೋರೆಲ್ಲ ಕಿವಿ ಕೇಳ್ದೋರು, ಚಿಲಕಮ್ಮ. ಫೋನ್ ಮಾಡಿ ನಾನೇನು ಹಾಡು ಹೇಳ್ಲಾ?"

ಆಸ್ಪತ್ರೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕು ಆ ಹಾಳೆ ಕಿತ್ತುಹಾಕಿದಳು. ಮಾವ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಅಲ್ಲಿ ಬಂದ ಪತ್ರವನ್ನು ಬಂದ ಗಳಿಗೆಯಲ್ಲೇ ತೆರೆಯುವುದು ವಾಡಿಕೆ, ಏಕೆಂದರೆ ಬರೆದವರಿಗೆ ಕೂಗಿ ಕರೆಯಲು ಬೇರೆ ದಾರಿಯಿಲ್ಲ. ಆ ಒಳ್ಳೆಯ ಬುದ್ಧಿಗೆ ಅಡ್ಡ ಹಾಕುವ ಚಿಲಕ ಯಾವುದು ಎಂದು ಅವಳಿಗೂ ಹೊಳೆಯಲಿಲ್ಲ.

ಅವಳ ಅಪ್ಪನೂ ಅದೇ ಆಸ್ಪತ್ರೆಯವನು, ಅಂದರೆ ರೋಗಿಗಳ ಕಡೆಯವನು. ಲೇತ್ ಮೆಷಿನ್ನಿನ ಮುಂದೆ ಮೂವತ್ತೈದು ವರ್ಷ ನಿಂತು ಎರಡೂ ಕಿವಿಗಳನ್ನು ಕಾರ್ಖಾನೆಗೇ ಬಿಟ್ಟು ಬಂದವನು. ಅರವತ್ತೆರಡನೆಯ ವಯಸ್ಸಿನಲ್ಲಿ ಯಂತ್ರ ಕೂರಿಸಿಕೊಂಡಾಗ ಮೊದಲು ಕೇಳಿಸಿದ್ದು ಅಮ್ಮನ ದನಿ. ಅಮ್ಮ ಬಾಯಿ ಮುಚ್ಚಿ ಕೂತವಳೇ ಅಲ್ಲ. ಮನೆಯಲ್ಲಿ ಕೇಳುವವರಿಲ್ಲದಿದ್ದರೆ ಕಿಟಕಿಗೆ ಬಂದ ಗುಬ್ಬಿಗಾದರೂ ನಾಲ್ಕು ಮಾತು ಹೇಳುವವಳು. "ಇಷ್ಟು ವರ್ಷ ಬೈದಿದ್ದೆಲ್ಲ ದಂಡ ಆಗಿತ್ತು, ಇನ್ನು ಮೊದಲಿಂದ ಶುರು ಮಾಡ್ತೀನಿ" ಎಂದು ಅತ್ತಳು. ಅಪ್ಪ ಆ ಬೈಗುಳವನ್ನು ಆರು ವರ್ಷ ಕಣ್ಣರಳಿಸಿ ಕೇಳಿದ. ಮಗಳು ಮೆಟ್ಟಿಲಿಳಿಯುವಾಗ ದಿನವೂ ಒಳಗಿನಿಂದಲೇ ಕೂಗುತ್ತಿದ್ದ, "ಚಿಲಕ ಹಾಕಿದ್ಯಾ?" ಮಗಳು ಕೆಳಗಿನಿಂದ "ಹಾಕಿದೀನಪ್ಪ" ಎನ್ನಬೇಕು. ಆ ಉತ್ತರ ಕೇಳಿಸಿಕೊಳ್ಳುವುದೇ ಅವನಿಗೊಂದು ಸಂಭ್ರಮ.

ಆಮೇಲೆ ಒಂದು ದಿನ ಸ್ನಾನದ ಮನೆಯಲ್ಲಿ ಕುಸಿದು ಬಿದ್ದ. ಪಾರ್ಶ್ವವಾಯು. ಜೀವ ಉಳಿಯಿತು, ಬಲಗೈ ಅರ್ಧ ಉಳಿಯಿತು, ಮಾತು ನಿಂತಿತು. ಎಲ್ಲಕ್ಕಿಂತ ವಿಚಿತ್ರವೆಂದರೆ ಹಳೇ ಟ್ಯೂನಿಂಗ್ ಅವನಿಗೆ ಒಗ್ಗದಾಯಿತು. ಯಂತ್ರ ಸಿಕ್ಕಿಸಿದರೆ ಮಾತೆಲ್ಲ ತಲೆಯೊಳಗೆ ಮೊಳೆ ಹೊಡೆದಂತಾಗಿ ಕಿತ್ತೆಸೆಯುತ್ತಿದ್ದ. ಟ್ಯೂನಿಂಗ್ ಅಕ್ಕ ಪೂರಾ ಹೊಸದಾಗಿಯೇ ಹೊಂದಿಸೋಣ ಎಂದಳು. ಅವಳಿಗೆ ಬಿಡುವಿದ್ದುದು ಸೋಮವಾರ ಮಧ್ಯಾಹ್ನ ಮೂರಕ್ಕೆ.

ಸೋಮವಾರ ಮೂರಕ್ಕೆ ತನಗೆ ಬೇರೆ ಏನು ಕೆಲಸವಿದೆ ಎನ್ನುವುದು ಚಿಲಕಮ್ಮನಿಗೆ ಮರೆತಿರಲಿಲ್ಲ. ಅಪ್ಪನದು ಮುಗಿದ ಮೇಲೆ ಮಾಡಿದರಾಯಿತು ಎಂದುಕೊಂಡಳು, ಐದು ನಿಮಿಷದ ಕೆಲಸ.

ಆ ಸಣ್ಣ ಕೋಣೆಯಲ್ಲಿ ಅಪ್ಪ, ಅಕ್ಕ, ಅವಳು. ಅಕ್ಕ ಒಂದು ಸಣ್ಣ ಸದ್ದು ಕಳಿಸುತ್ತಾಳೆ. ಕೇಳಿಸಿದರೆ ಅಪ್ಪ ಎಡಗೈಯ ತೋರುಬೆರಳು ಎತ್ತಬೇಕು. ಅಷ್ಟನ್ನು ಅವನಿಗೆ ತಿಳಿಸಲಿಕ್ಕೇ ಮೊದಲ ಸೋಮವಾರ ಕಳೆಯಿತು. ಬೆರಳು ಎತ್ತಿದಾಗಲೆಲ್ಲ ಮಗಳು ನಗುತ್ತಿದ್ದಳು. ಎರಡನೆಯ ವಾರ ನಾಲ್ಕು ಸದ್ದು ಗೊತ್ತುಮಾಡಿದರು, ಮೂರನೆಯ ವಾರ ಒಂಬತ್ತು. ಒಂದೊಂದು ಬೆರಳೆತ್ತುವುದಕ್ಕೂ ಅಪ್ಪ ಬೆವರುತ್ತಿದ್ದ. ಮುಗಿಯುವ ಹೊತ್ತಿಗೆ ಅವನ ತಲೆ ಎದೆಗೆ ಬಿದ್ದಿರುತ್ತಿತ್ತು, ಹೊರಗೆ ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಿದ್ದ. ಅಂಗಳ ದಾಟಿ ಬೀರು ತೆರೆಯುವ ಐದು ನಿಮಿಷ ನಾಳೆಗೆ ಹೋಯಿತು. ನಾಳೆ ಬೇರೆ ನೂರು ಕೆಲಸಗಳಿದ್ದವು. ಹೀಗೆ ಒಂದು ಸೋಮವಾರ, ಎರಡು ಸೋಮವಾರ. ಕೀಲಿ ಕೊರಳಲ್ಲೇ ಇತ್ತು.

ಐದನೆಯ ಸೋಮವಾರ ಅಕ್ಕ ಕೊನೆಯ ಸದ್ದನ್ನೂ ಹೊಂದಿಸಿ, ಎಲ್ಲವನ್ನೂ ಒಟ್ಟು ಮಾಡಿ, ಯಂತ್ರ ತೊಡಿಸಿ, ಮಾತಾಡು ಎಂದು ಚಿಲಕಮ್ಮನಿಗೆ ಸನ್ನೆ ಮಾಡಿದಳು. ಅವಳು ಅಪ್ಪಾ ಎಂದಳು. ಅಪ್ಪ ತಲೆಯೆತ್ತಿ ಅವಳನ್ನೇ ನೋಡಿದ. ತುಟಿ ಅಲುಗಿತು. ಎರಡು ತಿಂಗಳಿಂದ ಒಂದಕ್ಷರ ಆಡದವನು ತೊದಲುತ್ತ, ಆದರೆ ತಿಳಿಯುವಂತೆ, ಹೇಳಿದ.

"ಚಿಲಕ ಹಾಕಿದ್ಯಾ?"

"ಹಾಕಿದೀನಪ್ಪ" ಎಂದಳು. ಅಕ್ಕ ಬೆನ್ನು ತಿರುಗಿಸಿ ಕಣ್ಣೊರೆಸಿಕೊಂಡಳು. ಮನೆಯಲ್ಲಿ ಆ ಸಂಜೆ ಅಮ್ಮ ಬೈದಿದ್ದೇ ಬೈದಿದ್ದು. ಅಪ್ಪ ಕೇಳಿದ್ದೇ ಕೇಳಿದ್ದು.

ಆ ಸುಖ ಎರಡು ದಿನದ್ದು. ಬುಧವಾರ ಮತ್ತೆ ಪಾರ್ಶ್ವವಾಯು ಹೊಡೆಯಿತು, ಈ ಸಲ ಜೋರಾಗಿ. ದೊಡ್ಡಾಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಲು ಕಿವಿಯ ಯಂತ್ರ ತೆಗೆದು ಹಾಸಿಗೆಯ ಮೇಲಿಟ್ಟರು, ಯಾರೋ ಹೊದಿಕೆಗಳ ಜೊತೆ ಅದನ್ನೂ ಸುತ್ತಿ ಒಗೆಯಲು ಹಾಕಿದರು. ಮುಂದೆ ಅದು ಸಿಗಲಿಲ್ಲ. ಅದಕ್ಕೆ ಚಿಲಕಮ್ಮ ಅಷ್ಟೇನೂ ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ಯಂತ್ರಕ್ಕೆ ಬರೆದು ಹಾಕಿದಳು, ಹತ್ತು ದಿನದಲ್ಲಿ ಬರುತ್ತದೆ. ಟ್ಯೂನಿಂಗ್ ಹೇಗೂ ತನ್ನ ಹತ್ತಿರ ಭದ್ರವಾಗಿದೆಯಲ್ಲ ಎಂದು ಅಮ್ಮನಿಗೆ ಧೈರ್ಯ ಹೇಳಿದಳು.

ಶುಕ್ರವಾರ ಬೆಳಿಗ್ಗೆ ಅಪ್ಪನ ಪಕ್ಕ ಅಮ್ಮನನ್ನು ಕೂರಿಸಿ ಅವಳು ಕೆಲಸಕ್ಕೆ ಹೊರಟಳು. ಬಸ್ಸಿನಲ್ಲಿ ಕೊರಳ ಕೀಲಿ ಕೈಗೆ ತಾಗಿದಾಗ, ಹೋದ ಕೂಡಲೇ ಡಿಸ್ಕ್ ಬದಲಾಯಿಸಬೇಕು ಎಂದುಕೊಂಡಳು. ಆಸ್ಪತ್ರೆ ತಲುಪಿದಾಗ ಹತ್ತು ಗಂಟೆ. ಪತ್ರ ಬಂದಿದ್ದು ಒಂಬತ್ತೂ ಇಪ್ಪತ್ತಕ್ಕೆ.

ಬಾಗಿಲಲ್ಲೇ ಅವಳಿಗೆ ಗೊತ್ತಾಯಿತು. ಕೌಂಟರಿನ ಮುಂದೆ ಜನ ಸಾಲುಗಟ್ಟಿ ನಿಂತಿದ್ದರೂ ಮಾವ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಪರದೆ ನೋಡುತ್ತ ಕೂತಿದ್ದರು. ಪರದೆಯ ತುಂಬ ಒಂದೇ ಕಪ್ಪು ಬರಹ: ನಿಮ್ಮ ಕಡತಗಳೆಲ್ಲ ನಮ್ಮ ಬಳಿ ಇವೆ. ಪತ್ರ ಬರೆದವನು ಆಸ್ಪತ್ರೆಯ ಗುಣ ಚೆನ್ನಾಗಿ ಬಲ್ಲವನು. ನನ್ನ ಯಂತ್ರ ನಿಂತುಹೋಗಿದೆ, ಏನೂ ಕೇಳುತ್ತಿಲ್ಲ, ಹೆದರಿಕೆಯಾಗಿದೆ, ಯಂತ್ರದ ಫೋಟೋ ಇಟ್ಟಿದ್ದೇನೆ, ದಯವಿಟ್ಟು ಬೇಗ ನೋಡಿ ಎಂದು ಬರೆದಿದ್ದ. ಮಾವ ಬೇಗ ನೋಡಿದ್ದರು.

ಚಿಲಕಮ್ಮ ಓಡಿ ಎಲ್ಲ ಕಂಪ್ಯೂಟರ್‌ಗಳ ತಂತಿ ಕಿತ್ತಳು. ಕಿತ್ತು ಪ್ರಯೋಜನವಿರಲಿಲ್ಲ. ದೊಡ್ಡ ಕಂಪ್ಯೂಟರ್‌ನಲ್ಲಿದ್ದ ಟ್ಯೂನಿಂಗ್‌ಗಳೆಲ್ಲ ಗಂಟುಬಿದ್ದಿದ್ದವು. ಅದಕ್ಕೆ ಅಂಟಿಕೊಂಡಿದ್ದ ಕೆಂಪು ಡಿಸ್ಕ್ ಕೂಡ ಗಂಟು. ಅವಳು ಅಂಗಳ ದಾಟಿ ಹಳೇ ಕೋಣೆಗೆ ಹೋಗಿ, ಬೀರು ತೆರೆದು, ನೀಲಿ ಡಿಸ್ಕನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ತಣ್ಣಗಿತ್ತು, ಮೇಲೆ ತೆಳ್ಳಗೆ ಧೂಳಿತ್ತು. ಬಾಗಿಲಿಗೆ ನೇತಾಡುತ್ತಿದ್ದ ರಿಜಿಸ್ಟರಿನಲ್ಲಿ ಕೊನೆಯ ಸಹಿಯ ಕೆಳಗೆ ಐದು ಸಾಲು ಖಾಲಿ. ಆ ಐದು ವಾರದಲ್ಲಿ ಆಸ್ಪತ್ರೆಗೆ ಬಂದವರು ಎಷ್ಟು ಜನ ಎಂಬ ಯೋಚನೆ ಆಮೇಲಿನದು. ಮೊದಲು ಕಣ್ಣ ಮುಂದೆ ಬಂದದ್ದು ಬೆವರಿದ ಒಂದು ಮುಖ, ಮೇಲೆದ್ದ ಒಂದು ಬೆರಳು.

ಹನ್ನೊಂದು ಗಂಟೆಗೆ ದೊಡ್ಡ ಡಾಕ್ಟರು ತಮ್ಮ ಕೋಣೆಗೆ ಕರೆದರು. ಟ್ಯೂನಿಂಗ್ ಅಕ್ಕ ಆಗಲೇ ಅಲ್ಲಿದ್ದಳು. ಡಾಕ್ಟರು ನಿದ್ದೆಗೆಟ್ಟವರ ಹಾಗೆ ಕಣ್ಣುಜ್ಜಿಕೊಳ್ಳುತ್ತ, ಕಳ್ಳರು ಕೇಳಿದ್ದು ಕೊಟ್ಟುಬಿಡೋಣವೇ ಎಂದರು. ಮಕ್ಕಳ ಕಿವಿಯ ಪ್ರಶ್ನೆ, ಹಟ ಮಾಡುವ ಕಾಲವಲ್ಲ, ನೀನು ಹೇಳಿದ ಹಾಗೆ ಮಾಡುತ್ತೇನೆ ಎಂದು ಪೂರ್ತಿ ಅವಳ ಮೇಲೇ ಹಾಕಿದರು.

ಕೊಡಿ ಎನ್ನಲು ಅವಳಿಗೆ ಒಂದೇ ಮಾತು ಸಾಕಿತ್ತು. ಕೊಟ್ಟರೆ ಗಂಟು ಬಿಚ್ಚಿದರೂ ಬಿಚ್ಚಬಹುದು. ಬಿಚ್ಚದೆಯೂ ಇರಬಹುದು, ಬಿಚ್ಚಿ ತಿಂಗಳು ಬಿಟ್ಟು ಮತ್ತೆ ಬರಬಹುದು, ಹಾಗೆ ಬಂದ ಕಥೆಗಳನ್ನು ಅವಳೇ ಎಲ್ಲರಿಗೂ ಹೇಳಿ ಹೆದರಿಸಿದ್ದಳು. ಈಗ ಅಪ್ಪನಿಗಾಗಿ ಆ ಕಥೆಗಳನ್ನೆಲ್ಲ ನುಂಗಿಬಿಡಲೇ ಎಂದು ಒಂದು ಗಳಿಗೆ ಅನಿಸಿದ್ದು ಸುಳ್ಳಲ್ಲ. ಅಕ್ಕ ಮೇಜಿನ ಆಚೆಯಿಂದ ಅವಳನ್ನೇ ನೋಡುತ್ತಿದ್ದಳು. ಆ ಐದು ವಾರದಲ್ಲಿ ಯಾರಿದ್ದಾರೆ ಎನ್ನುವುದು ಆ ಕೋಣೆಯಲ್ಲಿ ಅವರಿಬ್ಬರಿಗೇ ಗೊತ್ತು.

"ಕೊಡೋದು ಬೇಡ ಸರ್" ಎಂದಳು ಚಿಲಕಮ್ಮ. "ನೀಲಿ ಡಿಸ್ಕ್ ಇದೆ. ಐದು ವಾರದ್ದು ಬಿಟ್ರೆ ಎಲ್ಲ ವಾಪಸ್ ಬರುತ್ತೆ. ಆ ಐದು ವಾರದೋರನ್ನ ಕರೆದು ಮತ್ತೆ ಟ್ಯೂನ್ ಮಾಡ್ಬಹುದು."

"ಎಲ್ಲರನ್ನೂ?" ಡಾಕ್ಟರು ಅಕ್ಕನ ಕಡೆ ತಿರುಗಿದರು.

ಅಕ್ಕ ಬಾಯಿ ತೆರೆಯುವ ಮೊದಲೇ ಚಿಲಕಮ್ಮ, "ಎಲ್ಲರನ್ನೂ" ಎಂದುಬಿಟ್ಟಳು.

ಮುಂದಿನ ಆರು ದಿನ ಅವಳು ತಲೆಯೆತ್ತಲಿಲ್ಲ. ಒಂದೊಂದೇ ಕಂಪ್ಯೂಟರ್ ತೊಳೆದು, ಹೊಸದಾಗಿ ಕಟ್ಟಿ, ನೀಲಿ ಡಿಸ್ಕಿನಿಂದ ಸಾವಿರ ಜನರ ಕಿವಿಗಳನ್ನು ವಾಪಸ್ ತುಂಬಿಸಿದಳು. ಏಳನೆಯ ದಿನ ಪರದೆಗಳು ಬೆಳಗಿದವು. ಡಾಕ್ಟರು ಎಲ್ಲರನ್ನೂ ಅಂಗಳಕ್ಕೆ ಕರೆದು, ಈ ಹುಡುಗಿ ಇಲ್ಲದಿದ್ದರೆ ನಾವು ಬಾಗಿಲು ಹಾಕಿಕೊಂಡು ಹೋಗಬೇಕಿತ್ತು ಎಂದರು. ಜನ ಚಪ್ಪಾಳೆ ತಟ್ಟಿದರು. ಎಲ್ಲಿ ನೋಡಬೇಕೆಂದು ತಿಳಿಯದೆ ಅವಳು ತನ್ನ ಚಪ್ಪಲಿ ನೋಡಿಕೊಂಡಳು.

ಚಪ್ಪಾಳೆಗೆ ಮಾವ ಬಂದಿರಲಿಲ್ಲ. ಕೌಂಟರಿನಲ್ಲಿ ಒಬ್ಬರೇ ಕೂತು, ಹಾಳೆಯ ಮೇಲೆ ರಾಜೀನಾಮೆ ಬರೆಯುತ್ತಿದ್ದರು. ಚಿಲಕಮ್ಮ ಅವರನ್ನು ಎಬ್ಬಿಸಿಕೊಂಡು ಹಳೇ ಕೋಣೆಗೆ ಹೋಗಿ ರಿಜಿಸ್ಟರು ತೋರಿಸಿದಳು. ಪತ್ರ ತೆರೆದದ್ದು ನೀವಿರಬಹುದು, ಆದರೆ ಈ ಸಾಲುಗಳಲ್ಲಿ ಸಹಿ ಇದ್ದಿದ್ದರೆ ನಾಲ್ಕೇ ದಿನದ ಕೆಲಸ ಕಳೆಯುತ್ತಿತ್ತು, ಆ ಪತ್ರದಿಂದ ಯಾರ ಕೂದಲೂ ಕೊಂಕುತ್ತಿರಲಿಲ್ಲ ಎಂದಳು. ಇದನ್ನೇ ಡಾಕ್ಟರಿಗೂ ಬರೆದುಕೊಟ್ಟಿದ್ದೇನೆ ಎಂದೂ ಹೇಳಿದಳು.

ಮಾವ ಖಾಲಿ ಸಾಲುಗಳ ಮೇಲೆ ಬೆರಳಾಡಿಸಿದರು. ತಾರೀಖು ಎಣಿಸಿದರು. "ಈ ಸೋಮವಾರಗಳಲ್ಲಿ ನೀನೆಲ್ಲಿದ್ದೆ ಅಂತ ನಂಗೊತ್ತು ಕಣಮ್ಮ" ಎಂದರು. "ಗಾಲಿಕುರ್ಚಿ ತಳ್ಳಿಕೊಂಡು ನನ್ನ ಮುಂದೇನೇ ಹೋಗ್ತಿದ್ದೆ. ಬೀಗದ ಕೈ ನನಗೆ ಕೊಟ್ಟಿದ್ರೆ ಆಗ್ತಿತ್ತಲ್ಲ ತಾಯಿ."

ಬೇರೆ ಯಾರು ಹೇಳಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳೇನೋ. ಮಾವ ಅದನ್ನು ಕೋಪದಿಂದ ಹೇಳಿರಲಿಲ್ಲ. ಅವಳು ಬೀರುವಿಗೆ ಹಣೆ ಒತ್ತಿ ನಿಂತುಕೊಂಡು ಅತ್ತಳು. ಅವರು ಪಕ್ಕದಲ್ಲೇ ನಿಂತಿದ್ದರು. ಆಮೇಲೆ ಅವಳು ಕೀಲಿಯನ್ನು ಕೊರಳಿನಿಂದ ತೆಗೆದು ಅವರ ಕೈಗೆ ಕೊಟ್ಟಳು.

ಐದು ವಾರದಲ್ಲಿ ಹೋದ ಟ್ಯೂನಿಂಗ್ ನಲವತ್ತಮೂರು, ಅಪ್ಪನದೊಂದು ಬಿಟ್ಟರೆ ಎಲ್ಲವೂ ಇನ್ನೂ ಹೊಂದಿಸುತ್ತಿದ್ದು ಯಂತ್ರಕ್ಕೆ ತುಂಬಿಸಿರದವು. ಅಕ್ಕ ಊಟ ಬಿಟ್ಟು ಕೆಲಸ ಮಾಡಿ ತಿಂಗಳೊಳಗೆ ನಲವತ್ತೆರಡು ಜನರನ್ನು ಮತ್ತೆ ಹೊಂದಿಸಿದಳು. ಉಳಿದದ್ದು ಒಂದು.

ಅಪ್ಪ ಮನೆಗೆ ಬಂದಿದ್ದ. ಹೊಸ ಯಂತ್ರವೂ ಬಂದಿತ್ತು. ನೀಲಿ ಡಿಸ್ಕಿನಲ್ಲಿದ್ದ ಹಳೇ ಟ್ಯೂನಿಂಗ್ ತುಂಬಿಸಿ ತೊಡಿಸಿದರೆ, ಒಂದೇ ಮಾತಿಗೆ ಮುಖ ಕಿವುಚಿ ಕಣ್ಣಲ್ಲಿ ನೀರು ತಂದುಕೊಂಡ. ಮಾತು ಬಾರದ ಕೂಸುಗಳಿಗೆ ಯಂತ್ರವೇ ಅಂದಾಜು ಮಾಡಿ ಹೊಂದಿಸುವ ಒಂದು ವಿಧಾನವಿದೆ, ಅಕ್ಕ ಅದನ್ನೂ ನೋಡಿದಳು. ಅದಕ್ಕೂ ನೋವು. ಉಳಿದದ್ದು ಬೆರಳೆತ್ತುವ ದಾರಿ. ಸೋಮವಾರ ಮೂರಕ್ಕೆ ಮತ್ತೆ ಆ ಸಣ್ಣ ಕೋಣೆಯಲ್ಲಿ ಮೂವರೂ ಕೂತರು.

ಅಕ್ಕ ಒಂದು ಸದ್ದು ಕಳಿಸಿದಳು. ಅಪ್ಪ ಬೆರಳೆತ್ತಿದ. ಚಿಲಕಮ್ಮನಿಗೆ ಹೋದ ಜೀವ ಬಂದಂತಾಗಿ ನಕ್ಕಳು. ಇನ್ನೊಂದು ಸದ್ದು, ಬೆರಳು. ಮತ್ತೊಂದು, ಬೆರಳು. ಅಕ್ಕ ಗುಂಡಿಯಿಂದ ಕೈ ತೆಗೆದು ಸುಮ್ಮನೆ ಕೂತಳು. ಅಪ್ಪ ಆಗಲೂ ಬೆರಳೆತ್ತಿದ.

"ಅವರು ಕೇಳಿಸ್ಕೊಳ್ತಿಲ್ಲ" ಎಂದಳು ಅಕ್ಕ, ಬಹಳ ಮೆಲ್ಲಗೆ. "ನಿನ್ನ ಮುಖ ನೋಡ್ತಿದಾರೆ. ಬೆರಳೆತ್ತಿದ್ರೆ ನೀನು ನಗ್ತೀಯ ಅಂತ ಅಷ್ಟೇ ನೆನಪಿದೆ."

ಚಿಲಕಮ್ಮ ಹೊರಗೆ ಹೋಗಿ ನಿಂತು ನೋಡಿದಳು, ಅವಳಿಲ್ಲದಿದ್ದರೆ ಬೆರಳು ಏಳಲೇ ಇಲ್ಲ. ಅಕ್ಕ ಬಾಗಿಲಿಗೆ ಬಂದು, ಮೊದಲೆಲ್ಲ ಎಲ್ಲರ ಅಂಕೆಗಳನ್ನೂ ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ ಎಂದಳು. ರೋಗಿಗಳ ವಿವರ ಇರುವ ಚೀಟಿ ಮೇಜಿನ ಮೇಲೆ ಬಿದ್ದಿರಬಾರದು, ಹರಿದು ಹಾಕಿ ಎಂದು ಹಟ ಹಿಡಿದು ಎಲ್ಲರಿಂದ ಮಾಡಿಸಿದವಳು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಅಕ್ಕ, ಚಿಲಕಮ್ಮ ಹೇಳಿದ ಮಾತು ಕೇಳುವವಳು. ಅಪ್ಪನ ಐದು ಸೋಮವಾರದ ಚೀಟಿಗಳನ್ನೂ ಅವಳು ನಿಯಮದ ಪ್ರಕಾರ ಹರಿದಿದ್ದಳು.

ಮನೆಯಲ್ಲಿ ಅಮ್ಮನಿಗೆ ಹೇಳಬೇಕಾಗಿತ್ತು. ಅಮ್ಮ ಅಪ್ಪನ ಕಾಲಿಗೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಚಿಲಕಮ್ಮ ಮೊದಲಿನಿಂದ ಕೊನೆಯವರೆಗೂ ಬಿಡದೆ ಹೇಳಿದಳು: ಡಿಸ್ಕು, ಬೀರು, ಖಾಲಿ ಸಾಲು, ಹಣ ಕೊಡೋದು ಬೇಡ ಎಂದ ತನ್ನ ಮಾತು. ಬೈಯಲಿ ಎಂದು ಕಾದಳು. ಜೀವಮಾನವಿಡೀ ಉಪ್ಪು ಕಮ್ಮಿಯಾದದ್ದಕ್ಕೂ ಅರ್ಧ ಗಂಟೆ ಬೈದ ಹೆಂಗಸು ಈಗ ಎಣ್ಣೆ ತಿಕ್ಕುತ್ತಲೇ ಇದ್ದಳು.

ಇನ್ನೊಂದು ಕಾಲಿಗೂ ತಿಕ್ಕಿ ಮುಗಿಸಿ, "ಆ ನಲವತ್ತೆರಡು ಜನಕ್ಕೂ ಕೇಳಿಸ್ತಿದ್ಯಾ ಈಗ?" ಎಂದಳು.

"ಹೂಂ."

"ಮಕ್ಕಳೂ ಇದ್ವಾ ಅದರಲ್ಲಿ?"

"ಹದಿನೇಳು."

ಅಮ್ಮ ಎಣ್ಣೆಯ ಬಟ್ಟಲು ಪಕ್ಕಕ್ಕಿಟ್ಟಳು. "ಸರಿ ಹೋಗು, ಮುಖ ತೊಳ್ಕೊ" ಎಂದವಳು ಗಂಡನ ಕಡೆ ತಿರುಗಿ, ಏನೂ ಆಗಿಲ್ಲವೆಂಬಂತೆ, ಕೆಳಗಿನ ಮನೆಯವರು ನೀರು ಪೋಲು ಮಾಡುವ ಕಥೆ ಶುರು ಮಾಡಿದಳು. ಅಪ್ಪ ಅವಳ ತುಟಿಗಳನ್ನು ನೋಡುತ್ತ ಕೂತಿದ್ದ.

ಮರುದಿನ ಬೆಳಿಗ್ಗೆ ಚಿಲಕಮ್ಮ ಕೆಲಸಕ್ಕೆ ಹೊರಟಳು. ಅಪ್ಪನನ್ನು ಕಿಟಕಿಯ ಹತ್ತಿರ ಕೂರಿಸಿದ್ದರು. ಕಿವಿ ಬರಿದಾಗಿತ್ತು, ಯಂತ್ರ ಪೆಟ್ಟಿಗೆಯೊಳಗೆ ಬೀರುವಿನಲ್ಲಿತ್ತು. ಬಾಗಿಲಲ್ಲಿ ನಿಂತು ಅವಳು ಒಂದು ಗಳಿಗೆ ಕಾದಳು, ಆರು ವರ್ಷದ ರೂಢಿ. ಒಳಗಿನಿಂದ ಯಾರೂ ಏನೂ ಕೇಳಲಿಲ್ಲ. ಅವಳೇ ತಿರುಗಿ ಹೋಗಿ ಅಪ್ಪನ ಎದುರು ಮೊಣಕಾಲೂರಿ ಕೂತಳು.

"ಚಿಲಕ ಹಾಕ್ಲಿಲ್ಲಪ್ಪ" ಎಂದಳು. "ಅವತ್ತು ಹಾಕಿದೀನಿ ಅಂದೆ. ಹಾಕಿರ್ಲಿಲ್ಲ."

ಅಪ್ಪ ಅವಳ ಮುಖವನ್ನೇ ನೋಡಿದ. ಅವಳ ಕಣ್ಣಲ್ಲಿ ನೀರು ಕಂಡು ಅವನಿಗೆ ಗಾಬರಿಯಾದಂತಿತ್ತು, ಹುಬ್ಬು ಗಂಟಿಕ್ಕಿತು. ಆಮೇಲೆ ಏನೋ ನೆನಪಾದವನಂತೆ ಎಡಗೈಯನ್ನು ತೊಡೆಯಿಂದ ಮೇಲಕ್ಕೆ ತಂದು, ಕಷ್ಟಪಟ್ಟು, ತೋರುಬೆರಳು ಎತ್ತಿ ಹಿಡಿದ. ಮಗಳು ನಗುವವರೆಗೂ ಅದನ್ನು ಇಳಿಸಲಿಲ್ಲ.